ಪ್ರಸಾದಕ್ಕೆ ಊಟ ಅಂದವಳು

ಇಳಕಲ್ಲಿನ ನೇಕಾರರ ಓಣಿಯಲ್ಲಿ ಗುರುಲಿಂಗವ್ವನ ಕೊಂಡಿಗೆ ಹೆಸರಿತ್ತು. ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಸಿಕ್ಕಿಸಿ ಬೆಸೆಯುವ ಆ ಕೆಲಸದಲ್ಲಿ ಒಂದು ಎಳೆ ತಪ್ಪಿದರೂ ಸೆರಗು ಕುಂಟುತ್ತದೆ. “ಗುರುಲಿಂಗವ್ವ ಕಣ್ಣಾಗ ಸೂಜಿ ಇಟಗೊಂಡಾಳ” ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಅಂಥವಳ ಎಡಗಣ್ಣು ಈಗ ಮುಂದಕ್ಕೆ ಬಂದಿತ್ತು. ರೋಗ ಮಾತ್ರ ಕಣ್ಣಿನದಲ್ಲ, ಮೂಗಿನದು.

ವರ್ಷಗಟ್ಟಲೆ ಎಲ್ಲರೂ ಅದನ್ನು ನೆಗಡಿ ಎಂದೇ ತಿಳಿದಿದ್ದರು. ನೀಲಗಿರಿ ಎಣ್ಣೆ ಹಾಕಿ ಹಬೆ ಹಿಡಿದರು, ಅಂಗಡಿಯ ಗುಳಿಗೆ ನುಂಗಿದರು. ಮೂಗು ಬಿಚ್ಚಲಿಲ್ಲ. ಬಾಗಿದರೆ ಹಣೆಯೊಳಗೆ ಕಲ್ಲು ಉರುಳಿದಂತೆ ನೋವು. ಒಗ್ಗರಣೆ ಸೀದು ಮನೆ ತುಂಬ ಹೊಗೆಯಾದರೂ ಅವಳಿಗೆ ವಾಸನೆ ಹತ್ತುತ್ತಿರಲಿಲ್ಲ. ಕಣ್ಣು ಉಬ್ಬಿದ್ದನ್ನು ಮೊದಲು ಕಂಡವಳು ಸೊಸೆ ಭುವನೇಶ್ವರಿ. ಬಾಗಿಲಿಗೆ ಕೀಲಿ ಹಾಕಿ ಓಣಿ ದಾಟಿದ ಮೇಲೂ ತಿರುಗಿ ಬಂದು ಕೀಲಿ ಜಗ್ಗಿ ನೋಡುವ ಸ್ವಭಾವ ಅವಳದು. ಅತ್ತೆಯ ಕಣ್ಣನ್ನೂ ಹಾಗೆಯೇ ದಿನಾ ನೋಡಿ, ಅನುಮಾನಪಟ್ಟು, ಕೊನೆಗೆ ಗಂಡ ವಿಜಯಮಹಾಂತೇಶನ ಬೆನ್ನು ಹತ್ತಿ ಅತ್ತೆಯನ್ನು ಬಾಗಲಕೋಟೆಯ ದವಾಖಾನೆಗೆ ಕರೆತಂದಳು.

ಮೂಗಿನ ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದರು. “ನೋಡ್ರಿ, ಕರ್ರಗ ಕಾಣತೈತಲ್ಲ, ಅದು ಗಾಳಿ. ಇಲ್ಲೆಲ್ಲಾ ಬೂದಿಬಣ್ಣ ಐತಿ, ಅಂದ್ರ ತುಂಬೇತಿ. ಮೂಗಿನ ಸುತ್ತ ಎಲುಬಿನಾಗ ಸಣ್ಣ ಸಣ್ಣ ಖೋಲಿ ಇರತಾವ. ಅವುಗಳ ಬಾಗಲಾಗ ದುರ್ಮಾಂಸ ಬೆಳದೈತಿ. ಒಳಗ ಕಟಗೊಂಡಿದ್ದು ಎಲ್ಲಿ ಹೋಗಬೇಕು? ಎಲುಬು ಸವಿಸಿ ಕಣ್ಣಿನ ಕಡೆ ಹೊಂಟೈತಿ.”

“ಗುಳಿಗಿಲೇ ಹೋಗಂಗಿಲ್ಲೇನ್ರಿ ಸರ?” ವಿಜಯಮಹಾಂತೇಶ ಕೇಳಿದ.

“ಗುಳಿಗಿ ಕಾಲ ಮುಗೀತು. ಆಪರೇಶನ್ನಿನಾಗ ದಾರಿ ಬ್ಯಾರೆ ಬ್ಯಾರೆ ಅದಾವ. ಸಣ್ಣ ಬಲೂನು ತೂರಿಸಿ, ಉಬ್ಬಿಸಿ, ಬಾಗಲಾ ಅಗಲ ಮಾಡೋದು ಒಂದು. ದುರ್ಮಾಂಸ ಇದ್ದಲ್ಲಿ ಅದು ಸಾಲಂಗಿಲ್ಲ. ಹುಬ್ಬಿನ ಬಾಜೂಕ ಹೊರಗಿಂದ ಕೊಯ್ಯೋದು ಹಳೇ ಪದ್ಧತಿ, ಗತಿ ಇಲ್ಲದಾಗ ಅದು. ಈಗ ಮೂಗಿನೊಳಗ ದುರ್ಬೀನು ಹಾಕಿ, ನೋಡಕೋತ ನೋಡಕೋತ ಸ್ವಚ್ಛ ಮಾಡೂದು ಚಲೋ. ಮೊದಲ ಎಡಗಡೆ. ಬಲಗಡೆನೂ ದುರ್ಮಾಂಸ ಐತಿ, ಅದನ್ನ ಆಮ್ಯಾಲ ಮಾಡೋಣು.”

ಗುರುಲಿಂಗವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. “ಈ ವಯಸ್ಸಿನಾಗ ಮೂಗಿನಾಗ ಬಲೂನ ಊದಿಸ್ಕೊಂಡಿದ್ರ ಓಣಿ ಹುಡುಗೋರು ಬೆನ್ನು ಹತ್ತತಿದ್ರು.” ನಗು ಮುಗಿಸಿ ಕೊರಳಲ್ಲಿ ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಹಿಡಿದುಕೊಂಡಳು. “ಎಲ್ಲಿ ಬೇಕಾದ್ರೂ ಕೊಯ್ರಿ. ಲಿಂಗ ಮಾತ್ರ ಮೈಮ್ಯಾಲಿಂದ ತಗಿಯಂಗಿಲ್ಲ.”

ಡಾಕ್ಟರು ಸ್ವಲ್ಪ ಯೋಚಿಸಿದರು. ಬೆಳ್ಳಿ ಒಳಗೆ ಬೇಡ, ಲಿಂಗವನ್ನು ಅರಿವೆಯಲ್ಲಿ ಸುತ್ತಿ ಕೈಗೆ ಪಟ್ಟಿ ಕಟ್ಟುತ್ತೇವೆ ಎಂದರು. ಮೂವರಿಗೂ ದೊಡ್ಡ ಗಂಡಾಂತರ ಕಳೆದಂತಾಯಿತು. ಆ ಸಮಾಧಾನದಲ್ಲೇ, ರಾತ್ರಿ ಊಟದ ಮೇಲೆ ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ ಎಂದು ನರ್ಸ್ ಹೇಳಿದ್ದಕ್ಕೆ ತಲೆ ಅಲ್ಲಾಡಿಸಿದರು. ಯಾಕೆಂದು ಭುವನೇಶ್ವರಿ ಕೇಳಿದಳು. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಫುಪ್ಪುಸಕ್ಕೆ ಇಳಿದರೆ ಉಸಿರು ನಿಲ್ಲುತ್ತದೆ ಎಂದು ನರ್ಸ್ ತಿಳಿಸಿದಳು. ಸೋಮವಾರ, ಶಿವರಾತ್ರಿ ಎಂದು ಉಪವಾಸ ಮಾಡಿ ಬೆಳೆದ ಮನೆಗೆ ಅದೇನು ಹೊಸದು?

ಗುರುವಾರ ಬೆಳಗಾಯಿತು. ಗುರುಲಿಂಗವ್ವ ಜಳಕ ಮಾಡಿ, ದವಾಖಾನೆಯ ಮಂಚದ ಮೇಲೆ ಮಡಿ ಅರಿವೆ ಹಾಸಿ ಕೂತಳು. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ವಿಭೂತಿ ಹಚ್ಚಿದಳು, ಪತ್ರಿ ಏರಿಸಿದಳು. ಮಗ ಹೊರಗಿನಿಂದ ತಂದುಕೊಟ್ಟ ಹಾಲನ್ನು ಬಟ್ಟಲಿಗೆ ಹಾಕಿ, ಬಾಳೆಹಣ್ಣು ಹೆಚ್ಚಿ, ಲಿಂಗಕ್ಕೆ ಎಡೆ ಹಿಡಿದಳು. ಪೂಜೆ ಮುಗಿದ ಮೇಲೆ ಎಂದಿನಂತೆ ಸೊಸೆಯ ಅಂಗೈಗೆ ಹಣ್ಣಿನ ಹೋಳು ಇಟ್ಟಳು, ಉಳಿದದ್ದನ್ನು ತಾನು ತೆಗೆದುಕೊಂಡಳು. ಭುವನೇಶ್ವರಿ ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡಳು. ಆ ಹೋಳು ಗಂಟಲಲ್ಲಿ ಇಳಿಯುವಾಗ ಅವಳಿಗೆ ನರ್ಸ್ ಹೇಳಿದ್ದು ನೆನಪಾಯಿತು.

“ಅತ್ತಿ, ಏನೂ ತಗೋಬಾರದು ಅಂದಿದ್ರಲ್ರಿ?”

“ನಾ ಏನ ತಗೊಂಡೆ?”

“ಹಾಲು...”

“ಅದು ಹಾಲಲ್ಲವಾ. ಪ್ರಸಾದ.” ಗುರುಲಿಂಗವ್ವ ಶಾಂತವಾಗಿ ಬಟ್ಟಲು ಬೋರಲು ಹಾಕಿದಳು. ಬಟ್ಟಲು ಪೂರ್ತಿ ಬರಿದಾಗಿತ್ತು.

ಭುವನೇಶ್ವರಿ ಗಂಡನನ್ನು ಹೊರಗೆ ಕರೆದು ಹೇಳಿದಳು. ಅವನು ಸಿಡುಕಿದ. “ಹಾಲು ತಂದಾವ ನಾನ. ಪೂಜಿಗೆ ತರಲಾರದ ಇರಲ್ಯಾ? ಅಷ್ಟಕ್ಕ ಏನಾಗತೈತಿ? ಮಂಪರ ಕೊಡೋ ಡಾಕ್ಟರು ಹುಬ್ಬಳ್ಳಿಯಿಂದ ಗುರುವಾರಕ್ಕೊಮ್ಮೆ ಬರ್ತಾರ. ಇವತ್ತ ತಪ್ಪಿದ್ರ ಮುಂದಿನ ವಾರ. ಬಾಯಿ ಮುಚಗೊಂಡಿರು.”

ಅವಳು ಬಾಯಿ ಮುಚ್ಚಿಕೊಂಡಳು. ಹೇಳಿದರೆ ಅತ್ತೆಯ ಮಾನ, ಹೇಳದಿದ್ದರೆ ಅತ್ತೆಯ ಜೀವ. ಅಥವಾ ಎರಡೂ ಅಲ್ಲವೇನೋ, ತನ್ನದೇ ಅಂಜುಬುರುಕತನವೇನೋ. ಹಿಂದೆ ತಿರುಗಿ ಹೋಗಿ ಜಗ್ಗಿ ನೋಡಿದಾಗ ಎಷ್ಟು ಸಲ ಕೀಲಿ ಸರಿಯಾಗಿ ಬಿದ್ದೇ ಇತ್ತಲ್ಲ!

ಆಪರೇಶನ್ ಖೋಲಿಯ ಬಾಗಿಲಲ್ಲಿ ಮಂಪರಿನ ಡಾಕ್ಟರು ತಳ್ಳುಗಾಡಿಯನ್ನು ನಿಲ್ಲಿಸಿದರು. “ಏನರ ತಿಂದೀರೇನವ್ವಾ?”

“ಇಲ್ರಿ.”

“ಕುಡದೀರೇನು?”

“ಇಲ್ರಿ.”

ದನಿಯಲ್ಲಿ ಸುಳ್ಳಿನ ನೆರಳೂ ಇರಲಿಲ್ಲ. ಅವಳ ಪಾಲಿಗೆ ಅದು ಸುಳ್ಳಾಗಿರಲೂ ಇಲ್ಲ. ಗಾಲಿ ಮತ್ತೆ ಉರುಳಿತು.

“ಸರ, ಹಾಲು ಕುಡದಾರ!” ಭುವನೇಶ್ವರಿಯ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. “ಬಾಳಿಹಣ್ಣೂ ತಿಂದಾರ. ಪ್ರಸಾದ ಅಂತಾರ್ರಿ, ಆದ್ರ ಹೊಟ್ಟಿಗೆ ಹೋದ ಮ್ಯಾಲ ಅದೂ ಊಟಾನ ಅಲ್ಲೇನ್ರಿ?”

ಎಲ್ಲರೂ ತಿರುಗಿದರು. ಮಂಪರಿನ ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು. “ಮತ್ತ ನಾ ಕೇಳಿದ್ದು ಯಾರಿಗೆ, ಗ್ವಾಡಿಗೇನು?” ಅಂದಿನ ಆಪರೇಶನ್ ರದ್ದಾಯಿತು. ಹಾಲು ಕರಗುವ ತನಕ ಕಾಯಲು ಅವರಿಗೆ ಹೊತ್ತಿರಲಿಲ್ಲ. ಮುಂದಿನ ಗುರುವಾರ ಬರ್ರಿ, ನಡುವೆ ಜ್ವರ ಬಂದರೆ, ಕಣ್ಣು ಮಂಜಾದರೆ ಒಂದು ತಾಸೂ ತಡ ಮಾಡಬ್ಯಾಡ್ರಿ ಎಂದು ಮೂಗಿನ ಡಾಕ್ಟರು ಎಚ್ಚರಿಸಿ ಕಳಿಸಿದರು.

ಬಸ್ಸು ಹುನಗುಂದ ದಾಟಿ ಇಳಕಲ್ಲು ಮುಟ್ಟುವವರೆಗೂ ಗುರುಲಿಂಗವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮನೆಯಲ್ಲೂ ಸೊಸೆಯೊಡನೆ ಮಾತು ನಿಂತಿತು. ರೊಟ್ಟಿ ಹಾಕಿದರೆ ಉಣ್ಣುವಳು, ಸಾಕೆಂದರೆ ಕೈ ಅಡ್ಡ ಹಿಡಿಯುವಳು. ಭುವನೇಶ್ವರಿ ದಿನಕ್ಕೆ ಹತ್ತು ಸಲ ಕೇಳುವಳು: “ಅತ್ತಿ, ಕಣ್ಣು ಹ್ಯಾಂಗೈತ್ರಿ? ಮಂಜ ಏನರ?” ಮುಖದ ಹತ್ತಿರ ಹೋದರೆ ಗುರುಲಿಂಗವ್ವ ಗೋಡೆಗೆ ತಿರುಗುವಳು.

ಭಾನುವಾರ ಮುಂಜಾನೆ ಅವಳ ಮೈ ಸುಡುತ್ತಿತ್ತು. ಎಡಗಣ್ಣು ಬದನೆಕಾಯಿಯಂತೆ ಉಬ್ಬಿ ರೆಪ್ಪೆ ಮುಚ್ಚಿತ್ತು. ಗಾಡಿ ಮಾಡಿಕೊಂಡು ಬಾಗಲಕೋಟೆಗೆ ಓಡಿದರು. ಡಾಕ್ಟರು ರೆಪ್ಪೆ ಬಿಡಿಸಿ ಬೆಳಕು ಬಿಟ್ಟರು. “ಯಾವಾಗಿಂದ ಕಾಣವಲ್ದವ್ವಾ?”

“ಶುಕ್ರವಾರ ಸಂಜಿಂದ ಮಂಜಿತ್ತು. ನಿನ್ನೆಯಿಂದ ಕತ್ತಲಾ.”

“ಯವ್ವಾ! ಯಾಕ ಹೇಳಲಿಲ್ಲ?” ಮಗ ಚೀರಿದ.

“ಯಾರಿಗಿ ಹೇಳಲಿ?” ಎಂದಳು ಗುರುಲಿಂಗವ್ವ. “ಮನ್ಯಾಗ ಆಡಿದ್ದು ನಾಕ ಮಂದಿ ಮುಂದ ಹೋಗತೈತಿ.”

ಒಳಗೆ ಕೀವು ತುಂಬಿ ಕಣ್ಣಿನ ನರವನ್ನು ಒತ್ತಿ ಹಿಡಿದಿತ್ತು. ಹುಬ್ಬಳ್ಳಿಯ ಮಂಪರಿನ ಡಾಕ್ಟರನ್ನು ತುರ್ತಾಗಿ ಕರೆಸಿ, ದುರ್ಬೀನಿನಿಂದಲೂ ಹುಬ್ಬಿನ ಬದಿಯ ಕೊಯ್ತದಿಂದಲೂ ಕೀವು ತೆಗೆದರು. ಜೀವ ಉಳಿಯಿತು. ಬಾವು ಇಳಿದು ಕಣ್ಣು ತನ್ನ ಜಾಗಕ್ಕೆ ಮರಳಿತು. ನೋಟ ಮರಳಲಿಲ್ಲ.

ಡಾಕ್ಟರು ಗಂಡ ಹೆಂಡಿರಿಬ್ಬರನ್ನೂ ನಿಲ್ಲಿಸಿ ಹೇಳಿದರು: “ತಂಗಿ, ಅವತ್ತ ನೀ ಹೇಳಲಿಲ್ಲಂದ್ರ ಟೇಬಲ್ ಮ್ಯಾಲ ಹೋಗಬಹುದಿತ್ತು ನಿಮ್ಮತ್ತಿ. ಮನಸ್ಸಿಗೆ ಹಚಗೋಬ್ಯಾಡ.” ಈ ಮಾತನ್ನು ಗಂಡ ಮನೆಯಲ್ಲಿ ಹೇಳುತ್ತಾನೆಂದು ಭುವನೇಶ್ವರಿ ಕಾದಳು. ಅವನು ಹೇಳಲಿಲ್ಲ. ಹೇಳಿದರೆ ಹಾಲು ತಂದವರು ಯಾರು ಎಂಬ ಮಾತು ಬರುತ್ತಿತ್ತು. ತನ್ನ ಬಾಯಿಂದ ತಾನೇ ಅದನ್ನು ಹೇಳಿಕೊಳ್ಳಲು ಅವಳಿಗೂ ಧೈರ್ಯವಾಗಲಿಲ್ಲ.

ಗುರುಲಿಂಗವ್ವನ ಅಕ್ಕ ಲಗಮವ್ವ ಕಲಾದಗಿಯಿಂದ ಚೀಲದ ತುಂಬ ಚಿಕ್ಕು ಹಣ್ಣು ಹೊತ್ತು ಮಾತಾಡಿಸಲು ಬಂದಳು. ಚಹಾ ಕುಡಿದು ಬಸಿ ಕೆಳಗಿಟ್ಟು ಶುರು ಮಾಡಿದಳು: “ಏನವಾ ಭುವನೇಶ್ವರಿ, ಭಾಳ ಖರೇ ಮಾತಾಡತಿಯಂತ. ನಿನ್ನ ಖರೇತನಕ್ಕ ನನ್ನ ತಂಗಿ ಕಣ್ಣ ಕೊಟ್ಟಳು ನೋಡು.”

ಗುರುಲಿಂಗವ್ವ ಗೋಡೆಗೆ ಒರಗಿದಲ್ಲಿಂದಲೇ ತಡೆದಳು. “ಕಣ್ಣಿನ ಮಾತ ಬಿಡಕ್ಕಾ. ಕಣ್ಣು, ಮೂಗು ಒಂದಿನ ಮಣ್ಣಾಗೂವ. ಪ್ರಸಾದಕ್ಕ ಊಟ ಅಂದಳಲ್ಲ! ಲಿಂಗ ನನ್ನ ಕೈಯಾಗಿತ್ತು, ಕೇಳತಿತ್ತು.”

ಒಲೆಯ ಮುಂದೆ ಕೂತಿದ್ದ ಭುವನೇಶ್ವರಿಗೆ ಅಂದೇ ತಿಳಿದದ್ದು, ಅತ್ತೆ ಲೆಕ್ಕ ಹಿಡಿದ ತಪ್ಪೇ ಬೇರೆ ಎಂದು. ಬೇರೆ ಹೇಗೆ ಹೇಳಬೇಕಿತ್ತು? ಡಾಕ್ಟರ ಕಿವಿಯಲ್ಲಿ ಮೆಲ್ಲಗೆ? ಪ್ರಸಾದ ಎಂದಷ್ಟೇ ಹೇಳಿ ಸುಮ್ಮನಾಗಿದ್ದರೆ ಅವರಿಗೆ ಅರ್ಥವಾಗುತ್ತಿತ್ತೇ? ಎಷ್ಟು ಮಗುಚಿ ಹಾಕಿದರೂ ಉತ್ತರ ಬೇಯಲಿಲ್ಲ.

ಗಾಯ ಮಾಗಿದ ಮೇಲೆ ಗುರುಲಿಂಗವ್ವ ಕೊಂಡಿ ಹಾಕಲು ಕೂತಳು. ಒಂದೇ ಕಣ್ಣಿಗೆ ಎಳೆಯ ದೂರ ತಿಳಿಯದೆ ಬೆರಳು ಗಾಳಿಯನ್ನು ಹಿಡಿಯುತ್ತಿತ್ತು. ಹಾಕಿದ್ದನ್ನು ಬಿಚ್ಚಿದಳು, ಮತ್ತೆ ಹಾಕಿದಳು. ಮೂರನೆಯ ದಿನ ಎದ್ದು ಮಗನಿಗೆ ಹೇಳಿದಳು: “ಬಲಗಡೆದು ಮಾಡಿಸಿ ಬಿಡು. ಇದೂ ಹೋದ್ರ ನಿಮಗ ಹೊರೆ.”

ಆಪರೇಶನ್ನಿಗೆಂದು ಬಾಗಲಕೋಟೆಗೆ ಹೊರಟ ಬಸ್ಸಿನಲ್ಲಿ ಭುವನೇಶ್ವರಿ ಧೈರ್ಯ ಮಾಡಿ ಕೇಳಿದಳು. “ಅತ್ತಿ, ನಾಳೆ ಬರೇ ಪತ್ರಿ ಏರಿಸಿ, ಎಡಿ ಸಂಜೀಕ ಹಿಡಿದ್ರ ನಡಿಯಂಗಿಲ್ಲೇನ್ರಿ?”

“ಲಿಂಗಕ್ಕ ಉಪವಾಸ ಹಾಕು ಅಂತೀಯೇನು?” ಬಹಳ ದಿನಗಳ ಮೇಲೆ ಅತ್ತೆ ಅವಳಿಗೆ ಕೊಟ್ಟ ಉತ್ತರ ಅದು.

ಮರುದಿನ ಮುಂಜಾನೆ ಗುರುಲಿಂಗವ್ವ ಸೊಸೆಯನ್ನು ಖೋಲಿಯಿಂದ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ತೆರೆದಾಗ ಬಟ್ಟಲು ತೊಳೆದು ಬೋರಲು ಹಾಕಿತ್ತು. ತೊಳೆದ ಬಟ್ಟಲು ಏನು ಹೇಳೀತು?

ಆಪರೇಶನ್ ಖೋಲಿಯ ಬಾಗಿಲಲ್ಲಿ ಈ ಸಲ ಮೂಗಿನ ಡಾಕ್ಟರೇ ಬಂದು ನಿಂತರು. ಗಂಡ ಭುವನೇಶ್ವರಿಯ ರಟ್ಟೆ ಹಿಡಿದ. ಆದರೂ ಅವಳು ಹೇಳಿಯೇಬಿಟ್ಟಳು: “ಸರ, ಅತ್ತಿ ಬಾಗಲಾ ಹಾಕ್ಕೊಂಡು ಪೂಜಿ ಮಾಡ್ಯಾರ. ನಾ ನೋಡಿಲ್ರಿ. ನನಗ ಗೊತ್ತಿಲ್ರಿ.”

ಡಾಕ್ಟರು ಗುರುಲಿಂಗವ್ವನ ಕಡೆ ಬಾಗಿದರು. “ಅವ್ವಾರ, ಪ್ರಸಾದ ತಗೊಂಡ್ರೇನ್ರಿ?”

ಗುರುಲಿಂಗವ್ವ ಪಟ್ಟಿ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು, ಉಳಿದ ಒಂದು ಕಣ್ಣನ್ನು ಸೊಸೆಯ ಮೇಲೆ ಇಟ್ಟಳು.

“ಇಲ್ರಿ. ಎಡಿ ಹಿಡಿದಿಲ್ಲ. ಲಗ್ನಾಗಿ ಬಂದಾಗಿಂದ ಒಂದ ದಿನ ತಪ್ಪಿಸಿದ್ದಿಲ್ಲ. ಇವತ್ತ ಇಕಿ ಸಲುವಾಗಿ ಲಿಂಗಕ್ಕ ಉಪವಾಸ ಹಾಕೀನಿ.”

ಬಾಗಿಲು ಮುಚ್ಚಿತು.

ಆಪರೇಶನ್ ಸುಸೂತ್ರವಾಯಿತು. ದುರ್ಮಾಂಸವೆಲ್ಲ ಹೊರಬಂತು, ಬಲಗಣ್ಣಿಗೆ ಇನ್ನು ಭಯವಿಲ್ಲ ಎಂದರು. ಸಂಜೆ ಹಾಲು, ಮೆತ್ತನೆಯ ಹಣ್ಣು ಕೊಡಬಹುದು ಎಂದು ನರ್ಸ್ ಹೇಳಿದ ಕೂಡಲೇ ಗುರುಲಿಂಗವ್ವ ಮಗನಿಗೆ ಸನ್ನೆ ಮಾಡಿ ಹಾಲು ಹಣ್ಣು ತರಿಸಿದಳು. ಮೂಗಿಗೆ ಅರಳೆ ತುರುಕಿದ್ದರಿಂದ ಬಾಯಲ್ಲೇ ಉಸಿರಾಡುತ್ತ, ಮಂಚದ ಮೇಲೆ ಒರಗಿ ಕೂತು, ಪಟ್ಟಿ ಬಿಚ್ಚಿಸಿ ಲಿಂಗವನ್ನು ಅಂಗೈಗೆ ತಂದುಕೊಂಡಳು. ಎಡೆ ಹಿಡಿದಳು. ಕಣ್ಣೀರು ಎರಡೂ ಕಣ್ಣಿನಿಂದ ಒಂದೇ ಸಮ ಇಳಿಯುತ್ತಿತ್ತು.

ಪೂಜೆ ಮುಗಿಸಿ ಮಗನ ಕೈಗೆ ಹಣ್ಣಿನ ಹೋಳು ಕೊಟ್ಟಳು. ಪಕ್ಕದ ಮಂಚದಲ್ಲಿ ಗಂಡನ ಆರೈಕೆಗೆ ಕೂತಿದ್ದ ರಂಜಾನಬಿಗೂ ಕೊಟ್ಟಳು. “ನನಗೂ ಕೊಟ್ಯಾ ಯಕ್ಕಾ? ದೇವರ ಪುಣ್ಯಾ ಬರಲಿ ತಗೋ” ಎಂದು ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಭುವನೇಶ್ವರಿ ಮಂಚದ ಪಕ್ಕದಲ್ಲೇ ನಿಂತು ಅಂಗೈ ಚಾಚಿದ್ದಳು.

ಗುರುಲಿಂಗವ್ವ ಉಳಿದ ಹೋಳುಗಳನ್ನು ಒಂದೊಂದಾಗಿ ತಾನೇ ತೆಗೆದುಕೊಂಡಳು. ಹಾಲನ್ನು ಗುಟುಕು ಗುಟುಕಾಗಿ ಮುಗಿಸಿದಳು. ಬಟ್ಟಲನ್ನು ಕಿಟಕಿಯ ಕಟ್ಟೆಗಿಟ್ಟು ಕಣ್ಣು ಮುಚ್ಚಿದಳು.

ಭುವನೇಶ್ವರಿಯ ಕೈ ಇನ್ನೂ ಚಾಚಿಯೇ ಇತ್ತು. ಅತ್ತೆಯ ಮೂಗಿನ ಕೆಳಗೆ ಕಟ್ಟಿದ್ದ ಬಟ್ಟೆ ಕೆಂಪಾಗಿ ತೊಯ್ದಿತ್ತು. ತೊಯ್ದಾಗಲೆಲ್ಲ ಬದಲಿಸಬೇಕೆಂದು ನರ್ಸ್ ಅವಳಿಗೇ ಹೇಳಿ ಹೋಗಿದ್ದಳು. ಅವಳು ಕೈ ತೊಳೆದುಕೊಂಡು ಬಂದು, ನೋಯದಂತೆ ಗಂಟು ಬಿಚ್ಚಿ, ಹೊಸ ಬಟ್ಟೆ ಕಟ್ಟಿದಳು. ಗುರುಲಿಂಗವ್ವ ಬೇಡ ಎನ್ನಲಿಲ್ಲ, ಕಣ್ಣೂ ತೆರೆಯಲಿಲ್ಲ.