ಎಷ್ಟನೇ ಜ್ವರ

ನಾಲ್ಕನೇ ಜ್ವರ ಕಳೆದು ಎದ್ದ ಹುಳುವಿಗೆ ಹೊಟ್ಟೆಯೇ ತುಂಬುವುದಿಲ್ಲ. ಹಾಕಿದ ಹಿಪ್ಪುನೇರಳೆ ಸೊಪ್ಪು ನೋಡನೋಡುತ್ತಲೇ ಬರೀ ನಾರಾಗುತ್ತದೆ. ರೇಷ್ಮೆಹುಳು ಮೇಯುವುದು ಬಿಟ್ಟು, ಅಲುಗದೆ ಕೂತು ಪೊರೆ ಕಳಚುವುದಕ್ಕೆ ಶಿಡ್ಲಘಟ್ಟದ ಕಡೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವ ಮುಂಚೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರಬೇಕು, ನಾಲ್ಕು ಸಲ ಏಳಬೇಕು. ಮದುವೆಯಾಗಿ ಬಂದ ಲಾಗಾಯ್ತಿನಿಂದ ಕೊಂಡಮ್ಮನ ಬಾಯಲ್ಲಿ ಉಪ್ಪು, ನೀರು ಅನ್ನುವಷ್ಟೇ ಸಲೀಸಾಗಿ ಓಡಾಡಿಕೊಂಡಿದ್ದ ಮಾತು ಅದು. ಆದರೂ ಆ ದಿನ ಅದು ಜಪಾನಿನಿಂದ ಬಂದಾಗ ಅವಳಿಗೆ ಗುರುತು ಸಿಗಲಿಲ್ಲ.

ಬೆಳಗಿನ ಸೊಪ್ಪು ಹಾಕುತ್ತಿದ್ದಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನು ಸದ್ದು ಮಾಡಿತು. ಮಗಳು ಹರಿಣಿ ಮಾತಾಡಿ ಕಳಿಸಿದ ಮೆಸೇಜು. ಕೈ ಒರೆಸಿಕೊಂಡು ಕಿವಿಗಿಟ್ಟುಕೊಂಡಳು. ಹುಡುಗಿ ಪಿಸುಗುಟ್ಟುತ್ತಿದ್ದಳು.

“ಅಮ್ಮಾ, ಜ್ವರ ಕಣಮ್ಮ. ರಾತ್ರಿಯಿಂದ ಏನೂ ತಿಂದಿಲ್ಲ, ಇನ್ನೂ ಎದ್ದಿಲ್ಲ. ಇಲ್ಲಿ ಜೋರಾಗಿ ಮಾತಾಡಂಗಿಲ್ಲ, ಆಮೇಲೆ ಮಾಡ್ತೀನಿ.”

ಅಷ್ಟೇ. ಕೊಂಡಮ್ಮ ಮತ್ತೆ ಕೇಳಿದಳು. ಮತ್ತೂ ಒಮ್ಮೆ ಕೇಳಿದಳು. ವಾಪಸ್ಸು ಮಾಡಿದರೆ ರಿಂಗಾಯಿತೇ ಹೊರತು ಯಾರೂ ಎತ್ತಲಿಲ್ಲ.

ಹರಿಣಿ ಎಂ.ಎಸ್ಸಿ. ಓದಲು ಜಪಾನಿಗೆ ಹೋಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಏನು ಬೇಕಾದರೂ ಓದುತ್ತೇನೆ, ಈ ಹುಳುವಿನ ವಾಸನೆ ಇಲ್ಲದ ಕಡೆ ಓದುತ್ತೇನೆ ಎಂದು ಹೈಸ್ಕೂಲಿನಿಂದಲೂ ಹೇಳಿಕೊಂಡು ಬಂದವಳು. ಹೋದ ಮೇಲೆ ಫೋನಿನಲ್ಲಿ ಚೆನ್ನಾಗಿದೀನಿ ಅನ್ನುತ್ತಿದ್ದಳು, ಆದರೆ ಆ ಚೆನ್ನಾಗಿದೀನಿಯಲ್ಲಿ ತಾಯಿಗೆ ತೂಕ ಸಿಗುತ್ತಿರಲಿಲ್ಲ. ಕ್ಲಾಸಿನಲ್ಲಿ ಬಾಯಿ ಬಿಡುವುದಕ್ಕೇ ಆಗುತ್ತಿಲ್ಲ ಎಂದು ಒಂದು ಸಲ ಬಾಯಿ ತಪ್ಪಿ ಅಂದಿದ್ದಳು. ಈಗ ಈ ಜ್ವರ. ಜೋರಾಗಿ ಮಾತಾಡಂಗಿಲ್ಲ ಅಂದಮೇಲೆ ಯಾವುದೋ ಆಸ್ಪತ್ರೆಯಲ್ಲಿ, ಮಾತು ಬಾರದವರ ನಡುವೆ, ಎಬ್ಬಿಸಿ ಕೂರಿಸುವ ಒಂದು ಕೈಯೂ ಇಲ್ಲದೆ. ವಾಸಿಯಾದರೂ ಇನ್ನು ಅಲ್ಲಿ ನಿಲ್ಲುತ್ತಾಳೆಯೇ? ಸೋತು ಬಂದೆ ಅಂತ ಆ ಮಗು ಜೀವಮಾನವೆಲ್ಲ ಕೊರಗುತ್ತದಲ್ಲ ಎಂಬುದು ಕೊಂಡಮ್ಮನಿಗೆ ಜ್ವರಕ್ಕಿಂತ ಹೆಚ್ಚು ಸುಡುತ್ತಿತ್ತು.

ಗಂಡ ಕೆಂಪರಾಜು ಹುಳು ಹಣ್ಣಾಗಿ ಗೂಡು ಕಟ್ಟುವಾಗ ಬಿಡುವುದಕ್ಕೆ ಬೇಕಾದ ಬಿದಿರಿನ ಚಂದ್ರಿಕೆಗಳನ್ನು ಬಾಡಿಗೆಗೆ ತರಲು ಚಿಂತಾಮಣಿ ಕಡೆ ಲಗೇಜ್ ಆಟೋದಲ್ಲಿ ಹೋಗಿದ್ದ. ಫೋನು ಮಾಡಿ ಹೇಳಿದಳು. ಬರ್ತೀನಿ ಇರು ಎಂದವನೇ ಇಟ್ಟ.

ಅತ್ತೆ ಅಕ್ಕಯ್ಯಮ್ಮ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ತೆಲುಗು ಸೀಮೆಯಿಂದ ಬಂದ ಮುದುಕಿ. “ಏಮಯಿಂದೇ ಕೊಂಡಮ್ಮ, ಮೊಖ ಯಾಕಿಂಗೈತೆ?”

ಕೊಂಡಮ್ಮ ಹೇಳಿದಳು. ಮುದುಕಿ ಕೈಯಲ್ಲಿದ್ದ ಕಡ್ಡಿಯನ್ನು ಪಕ್ಕಕ್ಕಿಟ್ಟು, ಮುರುಗಮಲ್ಲದ ದರ್ಗಾ ಇದ್ದ ದಿಕ್ಕಿಗೆ ತಿರುಗಿ ಕೈ ಮುಗಿದಳು. ಹುಡುಗಿ ಎದ್ದರೆ ಬಂದು ಸಕ್ಕರೆ ಓದಿಸಿ ಹಂಚುತ್ತೇವೆ ಅಂತ ಹರಕೆ ಹೊತ್ತಳು. ಆಮೇಲೆ ಸೊಸೆಯ ಕಡೆ ನೋಡಿ ಸೊಪ್ಪಿನ ಮಂಕರಿಯನ್ನು ಮುಂದಕ್ಕೆ ನೂಕಿದಳು. ಯಾರಿಗೆ ಏನಾದರೂ ಹುಳು ಕಾಯುವುದಿಲ್ಲ. ಕೊಂಡಮ್ಮ ಒಂದು ತಟ್ಟೆಗೆ ಸೊಪ್ಪು ಹಾಕುವಳು, ಫೋನು ನೋಡುವಳು, ಇನ್ನೊಂದು ತಟ್ಟೆಗೆ ಹಾಕುವಳು. ಹುಳುಮನೆಯ ತುಂಬ ಮೇಯುವ ಸದ್ದು, ತಗಡಿನ ಮೇಲೆ ಸಣ್ಣ ಮಳೆ ಹಿಡಿದ ಹಾಗೆ. ಇವಕ್ಕೆ ಮಾತ್ರ ಹೊಟ್ಟೆ ಹಸಿಯುತ್ತದೆ, ನನ್ನ ಮಗು ಅಲ್ಲಿ ಉಪವಾಸ ಬಿದ್ದಿದೆ ಅನ್ನಿಸಿ ಅವುಗಳ ಮೇಲೂ ಸಿಟ್ಟು ಬಂತು.

ಬಿಸಿಲೇರಿದ ಮೇಲೆ ಫೋನು ಬಂತು. ವಿಡಿಯೋದಲ್ಲಿ ಹರಿಣಿ. ಬಿಳಿ ಕೋಟು, ತಲೆಗೆ ಬಿಳಿ ಟೋಪಿ, ಮುಖವೆಲ್ಲ ನಗು.

“ಎದ್ದೇನವ್ವ? ಏನಾದ್ರೂ ತಿಂದೇನವ್ವ?” ಎಂದಳು ಕೊಂಡಮ್ಮ.

“ನಾನಾ? ನಾನು ಬೆಳಗ್ಗೇನೇ ತಿಂದೆ. ಯಾಕಮ್ಮ?”

“ಜ್ವರ ಅಂದ್ಯಲ್ಲೇ.”

“ಅಯ್ಯೋ ಅಮ್ಮ, ಹುಳುಕ್ಕೆ ಕಣಮ್ಮ ಜ್ವರ.”

ಹರಿಣಿ ಫೋನು ತಿರುಗಿಸಿದಳು. ಗೋಡೆಯುದ್ದಕ್ಕೂ ತಟ್ಟೆಗಳು, ತಟ್ಟೆಗಳ ತುಂಬ ತಲೆ ಎತ್ತಿ ಅಲುಗದೆ ಕೂತ ಪುಟ್ಟ ಪುಟ್ಟ ಹುಳುಗಳು. ಕೊಂಡಮ್ಮ ಅಲ್ಲೇ ಸೊಪ್ಪಿನ ರಾಶಿಯ ಪಕ್ಕ ಕೂತಳು. ಎದೆಯ ಮೇಲಿನ ಬೀಸುಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಯಿತು. ಅಳು ನಗು ಎರಡೂ ಒಟ್ಟಿಗೇ ಬಂದು, ಕೊನೆಗೆ ಬಾಯಿಂದ ಹೊರಟದ್ದು ಬೈಗುಳ. ಹುಳುಕ್ಕೆ ಅಂತ ಒಂದು ಮಾತು ಮುಂದೆ ಸೇರಿಸಿದ್ದರೆ ನಿನ್ನ ನಾಲಿಗೆ ಸವೆಯುತ್ತಿತ್ತೇನೇ ಎಂದು ಬೈದಳು. ನಿನಗೆ ಅಷ್ಟೂ ಗೊತ್ತಾಗಲ್ವಾ ಅಂದುಕೊಂಡೆ, ಹುಳುವಿನ ಲ್ಯಾಬಿಗೆ ಬಂದಿದ್ದು ನಿನಗಿನ್ನೂ ಹೇಳಿಲ್ಲ ಅನ್ನೋದೇ ಮರೆತಿದ್ದೆ ಎಂದಳು ಮಗಳು.

ಆಮೇಲೆ ಹರಿಣಿ ಹೇಳಿದ್ದನ್ನೆಲ್ಲ ಅತ್ತೆ ಸೊಸೆ ಒಂದೇ ಫೋನಿಗೆ ತಲೆ ಕೊಟ್ಟು ಕೇಳಿದರು. ಅಲ್ಲಿ ಹೊಸಬರನ್ನು ಒಂದೊಂದು ವಾರ ಒಂದೊಂದು ಲ್ಯಾಬಿನಲ್ಲಿ ಕೂರಿಸುತ್ತಾರಂತೆ. ಇನ್ನು ಸಾಕು, ಊರಿಗೆ ಹೋಗಿಬಿಡುತ್ತೇನೆ ಅನ್ನಿಸಿದ್ದ ವಾರದಲ್ಲೇ ಪ್ರೊಫೆಸರ್ ಒಂದು ಬಾಗಿಲು ತೆಗೆದರಂತೆ. ಹಸೀ ಹಿಪ್ಪುನೇರಳೆಯ ವಾಸನೆ ಮೂಗಿಗೆ ಬಡಿದು, ಬೂಟು ಕಳಚುವುದಕ್ಕೂ ಮುಂಚೆ ಕಣ್ಣು ತುಂಬಿಬಿಟ್ಟಿತಂತೆ. ನಿನ್ನೆ ಹುಳು ಮೇವು ಬಿಟ್ಟಾಗ ಇವಳು ಅಭ್ಯಾಸಬಲದಿಂದ ಇಂಗ್ಲಿಷಿನಲ್ಲಿ ಜ್ವರ ಬಂತು ಅಂದಳಂತೆ. ರೋಗ ತಗುಲಿತೆಂದು ಎಲ್ಲರೂ ಗಾಬರಿಯಾಗಿ ಕೈಗವಸು ಹಾಕಿಕೊಂಡು ನಿಂತರಂತೆ.

“ಅವರು ಇದಕ್ಕೆ ನಿದ್ದೆ ಅಂತಾರೆ ಕಣಮ್ಮ. ನಾವು ಜ್ವರ ಅಂತೀವಿ ಅಂದೆ. ಎಲ್ಲಾರೂ ನಕ್ರು. ಆಮೇಲೆ ಪ್ರೊಫೆಸರು ಬೋರ್ಡ್ ಮೇಲೆ ಕನ್ನಡದಲ್ಲಿ ಬರಿ ಅಂದ್ರು. ಬರ್ದೆ. ಬಾಯಿ ಬಿಟ್ಟು ಮಾತಾಡಿದ್ದು ನಿನ್ನೇನೇ ಮೊದಲು. ಎರಡು ವರ್ಷ ಇದೇ ಲ್ಯಾಬಲ್ಲಿ ಇರ್ತೀನಿ ಅಂತ ಹೇಳ್ಬಿಟ್ಟೆ. ಕೀ ಕೊಟ್ಟಿದಾರೆ ನೋಡು.” ಕುತ್ತಿಗೆಯಲ್ಲಿ ದಾರಕ್ಕೆ ನೇತುಹಾಕಿಕೊಂಡಿದ್ದ ಕೀಯನ್ನು ಎತ್ತಿ ತೋರಿಸಿದಳು, ಚಿನ್ನದ ಸರ ತೋರಿಸುವ ಹಾಗೆ.

ಇಲ್ಲಿ ಸೊಪ್ಪು ಮುಟ್ಟೇ ಅಂದರೆ ಮೂಗು ಮುಚ್ಚಿಕೊಂಡು ಓಡುತ್ತಿದ್ದವಳು ಇವಳೇನಾ ಎಂದು ಅಕ್ಕಯ್ಯಮ್ಮ ಹಂಗಿಸಿದಳು. ಅಜ್ಜಿ, ಅದೇ ವಾಸನೇಗೆ ಈಗ ಜೀವ ಬಿಡ್ತೀನಿ ಎಂದು ಮೊಮ್ಮಗಳು ನಕ್ಕಳು. ಈ ಸಲ ಆ ನಗುವಿನಲ್ಲಿ ಕೊಂಡಮ್ಮನಿಗೆ ತೂಕ ಸಿಕ್ಕಿತು.

ಲಗೇಜ್ ಆಟೋ ಬಂದು ನಿಂತಿತು. ಹಿಂದುಗಡೆ ಖಾಲಿ, ಒಂದು ಚಂದ್ರಿಕೆಯೂ ಇರಲಿಲ್ಲ. ಅರ್ಧ ದಾರಿಯಿಂದ ತಿರುಗಿದ್ದ. ಮೈಯೆಲ್ಲ ಧೂಳಾಗಿ ಇಳಿದ ಕೆಂಪರಾಜು ಹೆಂಡತಿಯ ಮುಖವನ್ನೇ ನೋಡಿದ. ಅವಳು ನಗುತ್ತಿದ್ದಳು.

“ಜ್ವರ ಹುಳುಕ್ಕಂತೆ,” ಎಂದಳು.

ಕೆಂಪರಾಜು ಜಗಲಿಯ ಮೇಲೆ ಕೂತ. ಟವಲಿನಿಂದ ಮುಖ ಒರೆಸಿಕೊಂಡ; ಒರೆಸಿಕೊಳ್ಳುತ್ತಲೇ ಇದ್ದ. ಆಮೇಲೆ ಟವಲು ಕೆಳಗಿಳಿಸಿ ಕೇಳಿದ:

“ಎಷ್ಟನೇ ಜ್ವರ?”

“ಎರಡನೇದು.”

“ತಟ್ಟೆ ಒಣಗಿರೋಕೆ ಸುಣ್ಣ ಉದುರಿಸಿದಾರಂತಾ?”

“ನೀವೇ ಕೇಳಿ,” ಎಂದು ಕೊಂಡಮ್ಮ ಫೋನನ್ನು ಅವನ ಕೈಗಿಟ್ಟು ಅನ್ನ ಬಡಿಸಲು ಒಳಕ್ಕೆ ಹೋದಳು. ಬೆಳಗಿನಿಂದ ಮೂವರೂ ಏನೂ ತಿಂದಿರಲಿಲ್ಲ. ಹುಳು ಎದ್ದರೂ ಹುಡುಗಿ ಎದ್ದಂಗೇ ಲೆಕ್ಕ, ಹರಕೆ ಸಕ್ಕರೆ ಮಾತ್ರ ತಪ್ಪಿಸಬೇಡ ಎಂದು ಅತ್ತೆ ಹಿಂದಿನಿಂದ ಕೂಗುತ್ತಿದ್ದಳು.