ಬಡಿಗ ಆರಿಸಿದ ಲ್ಯಾಪ್‌ಟಾಪ್

ಸುರೈಯಾ ಏಳನೆಯ ಇಯತ್ತೆಯಲ್ಲಿದ್ದಾಗ ಅಪ್ಪ ದಾದಾಸಾಬ ಮಾತು ಕೊಟ್ಟಿದ್ದ: ಕಾಲೇಜು ಸೇರಿದ ದಿನ ಹೊಚ್ಚಹೊಸ ಲ್ಯಾಪ್‌ಟಾಪ್, ಯಾರ ಕೈಯೂ ತಾಗಿರದ್ದು.

ತಿಕೋಟಾದಲ್ಲಿ ಬಾಗಿಲು, ಕಪಾಟುಗಳಿಗೆ ಬಿಜಾಗರಿ ಕೂಡಿಸುತ್ತಲೇ ಇಪ್ಪತ್ತು ವರ್ಷ ಕಳೆದ ಬಡಿಗ ಅವನು. ಈಗ ಮಗಳನ್ನು ಕರೆದುಕೊಂಡು ವಿಜಯಪುರದ ಅಂಗಡಿಗೆ ಬಂದಿದ್ದ. ಮುಂದಿಟ್ಟ ಮೂರು ಹೊಸ ಲ್ಯಾಪ್‌ಟಾಪ್‌ಗಳನ್ನು ಒಂದೊಂದಾಗಿ ಒಂದೇ ಬೆರಳಿನಿಂದ ತೆರೆದ. ಮೂರರಲ್ಲೂ ಮುಚ್ಚಳದ ಜೊತೆ ತಳವೇ ಎದ್ದು ಬಂತು. ಮೂಲೆ ಹಿಡಿದರೆ ಪರದೆ ಬಳುಕಿತು.

"ಬಿಜಾಗರಿ ಬಿಗಿ, ಹಲಗಿ ಹಗೂರ. ವರ್ಷದಾಗ ಸೀಳತೈತಿ," ಎಂದ.

ಅಂಗಡಿಯವನು ನಕ್ಕ. "ಕಾಕಾ, ಇದೇನ್ ಕಪಾಟೇನ್ರಿ? ಕಂಪನಿ ಹೆಸರು ನೋಡ್ರಿ."

"ಹೆಸರು ಬಸ್ಸಿನ್ಯಾಗಿನ ನೂಕಾಟ ತಡಕೋತೈತೇನಪಾ? ನನ್ನ ಮಗಳು ಮೂರ ವರ್ಷ ದಿನಾ ಓಡಾಡ್ಬೇಕು."

ಮೂಲೆಯಲ್ಲಿ ಯಾವುದೋ ಆಫೀಸಿನವರು ಬಳಸಿ ಬಿಟ್ಟ ದಪ್ಪನೆಯ ಕರಿ ಲ್ಯಾಪ್‌ಟಾಪೊಂದಿತ್ತು. ದಾದಾಸಾಬ ತೆರೆದ; ಮುಚ್ಚಳ ಬಿಟ್ಟಲ್ಲೇ ನಿಂತಿತು. ಸುರೈಯಾ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಪುಟ ಟೈಪ್ ಮಾಡಿದಳು. ಬೆರಳು ಎಲ್ಲೂ ತಡವರಿಸಲಿಲ್ಲ.

"ಸೆಕೆಂಡ್ ಹ್ಯಾಂಡ್ ಐತವಾ. ಗೆಳತ್ಯಾರು ನಗ್ತಾರ," ಎಂದ ಅಂಗಡಿಯವನು.

"ನಗಲಿ ಬಿಡ್ರಿ. ತಮ್ಮದು ಕೆಟ್ಟಾಗ ನನ್ನ ಕಡೇನ ಬರ್ತಾರ," ಎಂದಳು ಸುರೈಯಾ.

ದಾದಾಸಾಬನ ದನಿ ಇಳಿಯಿತು. "ನಾ ಹೊಸಾದು ಅಂದಿದ್ದೆ, ಬೇಟಾ."

"ಮುರಿಯೂದು ತಗೊಂಡು ಏನ್ ಮಾಡ್ಲಿ, ಅಬ್ಬಾ? ಇದನ್ನ ಕಟ್ಟಸ್ರಿ."

ಅವನು ಅದನ್ನೇ ಕಟ್ಟಿಸಿದ. ಹೊಸದನ್ನು ಕೊಡಿಸುವ ಮಾತು ಮುರಿಯಿತು.