ಮುಚ್ಚಿದ ಕಿಟಕಿಯ ನಾನೂರು

ನಡುರಾತ್ರಿ ಅತ್ತೆಯ ಕೋಣೆಯಿಂದ 'ಟಿಕ್' ಎಂದು ಸಣ್ಣ ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಸೊಸೆ ಎದ್ದು ಹೋಗಿ ನೋಡಿದಳು. ಮಂಚ ಖಾಲಿ. ಅತ್ತೆ ಮುನಿಸಿಕೊಂಡು ಮಗಳ ಮನೆಗೆ ಹೋದ ಮೇಲೆ ಕೋಣೆ ಗುಡಿಸಲು ಕಿಟಕಿ ತೆರೆದವಳು ಮುಚ್ಚುವುದನ್ನು ಮರೆತಿದ್ದಳು. ಗೋಡೆಯ ಮೇಲಿನ ಕಾರ್ಬನ್ ಡೈಆಕ್ಸೈಡ್ ಮೀಟರು ಸೊನ್ನೆ ತೋರಿಸುತ್ತ, ಅಂಕಿ ತಪ್ಪಿದೆ ಎಂದು ಎಚ್ಚರಿಸಲು ಟಿಕ್ ಎನ್ನುತ್ತಿತ್ತು.

ಇಂಥ ಮೀಟರುಗಳನ್ನು ಸರಿಹೊಂದಿಸುವುದೇ ಅವಳ ಉದ್ಯೋಗ. ಗಾಳಿ ಕೆಟ್ಟಷ್ಟೂ ಅಂಕಿ ಏರುತ್ತದೆ; ಬಟ್ಟಬಯಲಿನ ಗಾಳಿಯಲ್ಲೂ ಹತ್ತು ಲಕ್ಷ ಭಾಗಕ್ಕೆ ನಾನೂರರ ಮೇಲೆ ಇರಬೇಕು. ಸೊನ್ನೆಯ ಗಾಳಿ ಭೂಮಿಯ ಮೇಲೆ ಎಲ್ಲೂ ಇಲ್ಲ.

ಜಗಳ ಶುರುವಾದದ್ದು ಆ ಕಿಟಕಿಯಿಂದಲೇ. ರಸ್ತೆಯ ಧೂಳು ಬರುತ್ತದೆಂದು ಅವಳು ಮುಚ್ಚಿಸಿದ್ದಳು. "ಉಸಿರು ಕಟ್ಟುತ್ತೆ ಕಣೇ, ತಲೆ ಸಿಡಿಯುತ್ತೆ," ಎಂದು ಅತ್ತೆ ದಿನವೂ ಹೇಳುತ್ತಿದ್ದರು. ಮಾತಿಗೆ ಮಾತು ಬೆಳೆಸುವುದು ಬೇಡವೆಂದು ಅವಳು ಆಫೀಸಿನಿಂದ ಮೀಟರು ತಂದು ನೇತುಹಾಕಿದಳು. ಮೊದಲು ಅದು ಸಾವಿರದ ನೂರು ತೋರಿಸಿತು. "ಹೊಸದು ಅತ್ತೆ, ಒಂದೆರಡು ವಾರ ಕಳೆದರೆ ಸರಿಹೋಗುತ್ತೆ," ಎಂದಳು. ಹಾಗೆಯೇ ಇಳಿಯುತ್ತ ಬಂದು ನಾನೂರರ ಆಸುಪಾಸಿನಲ್ಲಿ ನಿಂತಿತು.

"ನನ್ನ ಜೊತೆ ಇದ್ದೂ ಇದ್ದೂ ಅದಕ್ಕೂ ಈ ಕೋಣೆ ಒಗ್ಗಿಹೋಗಿದೆ," ಎಂದಿದ್ದರು ಅತ್ತೆ.

"ಯಂತ್ರ ಸುಳ್ಳು ಹೇಳುತ್ತಾ ಅಮ್ಮ? ನಿನ್ನದೊಂದು ನೆಪ," ಎಂದಿದ್ದ ಅವಳ ಗಂಡ. ಮರುದಿನವೇ ಅತ್ತೆ ಚೀಲ ಕಟ್ಟಿದ್ದರು.

ಈಗ ಅವಳು ಮೀಟರನ್ನು ಕೈಗೆತ್ತಿಕೊಂಡು ಸೆಟ್ಟಿಂಗು ನೋಡಿದಳು. ತಾನೇ ತಿದ್ದಿಕೊಳ್ಳುವ ವ್ಯವಸ್ಥೆ ಚಾಲೂ ಇತ್ತು. ವಾರದಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನೇ ಅದು ಹೊರಗಿನ ಗಾಳಿ ಎಂದುಕೊಳ್ಳುತ್ತದೆ. ಮುಚ್ಚಿದ ಕೋಣೆಯ ಸಾವಿರದ ನೂರನ್ನೇ ನಾನೂರೆಂದು ತಿದ್ದಿಕೊಂಡಿದ್ದರಿಂದ, ನಿಜವಾದ ಹೊರಗಾಳಿ ಬಂದಾಗ ಸೊನ್ನೆಗೆ ಇಳಿದಿತ್ತು. ರಾತ್ರಿ ಖಾಲಿಯಾಗುವ ಆಫೀಸುಗಳಿಗೆ ಅದು ಸರಿ. ಹಗಲೂ ರಾತ್ರಿ ಮುದುಕಿಯೊಬ್ಬಳು ಮಲಗಿರುವ ಕೋಣೆಯಲ್ಲಿ ಮೊದಲು ಅದನ್ನೇ ಬಂದ್ ಮಾಡಬೇಕು. ಅವಳೇ ಬೇರೆಯವರಿಗೆ ಕಲಿಸುವ ಪಾಠ ಅದು.

ಅವಳಿಗೆ ಅಳು ಬರಲಿಲ್ಲ. ಟೆರೇಸಿಗೆ ಹೋಗಿ ಮೀಟರನ್ನು ಕಟ್ಟೆಯ ಮೇಲಿಟ್ಟು, ತನ್ನ ಉಸಿರು ತಾಗದಷ್ಟು ದೂರ ನಿಂತಳು. ಸ್ವಲ್ಪ ಹೊತ್ತು ಕಳೆದ ಮೇಲೆ ಆ ವ್ಯವಸ್ಥೆ ಬಂದ್ ಮಾಡಿ, ಹೊರಗಿನ ಗಾಳಿಗೆ ಸರಿಹೊಂದಿಸಿದಳು. ಕೆಳಗೆ ಬಂದು ಕಿಟಕಿ ಮುಚ್ಚಿ, ಅತ್ತೆಯ ಮಂಚದ ಮೇಲೆ ಮಲಗಿದಳು. ಬೆಳಗಾಗುವಾಗ ಮೀಟರು ಸಾವಿರ ದಾಟಿತ್ತು. ಹಣೆಯ ಎರಡೂ ಬದಿ ಭಾರವಾಗಿತ್ತು.

ತಿಂಡಿಯ ಹೊತ್ತಿಗೆ ನಾದಿನಿಯ ಫೋನು ಬಂತು. ಗಂಡ ಸ್ಪೀಕರಿಗೆ ಹಾಕಿದ.

"ಅತ್ತಿಗೆ, ಅಮ್ಮನ ತಲೆನೋವು ಬಿಟ್ಟೇ ಹೋಯ್ತು ನೋಡಿ."

"ನಾನು ಹೇಳಲಿಲ್ವಾ?" ಗಂಡ ನಕ್ಕ. "ಮಗಳ ಮುಖ ಕಂಡ ಕೂಡಲೇ ಮಾಯ."

ಆ ಕಡೆ ಅತ್ತೆ ಫೋನು ತೆಗೆದುಕೊಂಡರು. "ಏನಮ್ಮ, ನಿನ್ನ ಮೀಟರು ಏನನ್ನುತ್ತೆ? ನಾನಿಲ್ಲದೆ ಆರಾಮಾಗಿದೆಯಾ?"

ಗಂಡ ಅವಳ ಮುಖ ನೋಡಿದ. ಹೇಳಿದರೆ ಅತ್ತೆ ಇವತ್ತೇ ಹಿಂದಿರುಗಬಹುದು. ಹೇಳಿದರೆ, ಈ ಮನೆಯಲ್ಲಿ ಇನ್ನು ಅವಳ ಮಾತಿಗೂ ಅವಳ ಅಂಕಿಗೂ ಮೂರು ಕಾಸಿನ ಬೆಲೆ ಇರುವುದಿಲ್ಲ.

"ಹಾಗೇ ಇದೆ ಅತ್ತೆ," ಎಂದಳು.

ಮೀಟರನ್ನು ಬಟ್ಟೆಯಲ್ಲಿ ಸುತ್ತಿ ಆಫೀಸಿನ ಚೀಲಕ್ಕೆ ಹಾಕಿದಳು. ಹೋಗುವಾಗ ಅತ್ತೆಯ ಕೋಣೆಯ ಕಿಟಕಿಯನ್ನು ಪೂರ್ತಿ ತೆರೆದಿಟ್ಟಳು. ಯಾಕೆಂದು ಯಾರಾದರೂ ಕೇಳಿದರೆ, ಒರೆಸಿದ ನೆಲ ಒಣಗಲಿ ಎಂದು ಅಂದರಾಯಿತು.